ಕ್ಷೇತ್ರದ ಸಮಸ್ಯೆ ಲೋಕಸಭೆಯಲ್ಲಿ ಎತ್ತಿಸಲು ಯಾವ ದಾರಿ? ಶೂನ್ಯವೇಳೆಯೋ, ನಿಯಮ 377ರೋ, ಪ್ರಶ್ನೆಯೋ?

ಗೇಟ್‌ಪಕ್ಕದವರು ಕೇಳಿದ್ದು:

ಮುಂದಿನ ಅಧಿವೇಶನಕ್ಕೆ ಮೊದಲು ನಮ್ಮ ತಾಲ್ಲೂಕಿನ ನಾಗರಿಕ ವೇದಿಕೆಯಿಂದ ಸಂಸದರಿಗೆ ಟಿಪ್ಪಣಿ ಕೊಡಬೇಕಿದೆ. ವಿಷಯ ಮೂರು. ಪಟ್ಟಣದ ನಡುವೆ ಇರುವ ರೈಲ್ವೆ ಗೇಟಿಗೆ ಮೇಲ್ಸೇತುವೆ. ಅಡಿಕೆ ಆಮದು ಮತ್ತು ಎಲೆಚುಕ್ಕಿ ರೋಗ. ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರ ಕೊರತೆ. ಮೂರನ್ನೂ ಸೇರಿಸಿ ಶೂನ್ಯವೇಳೆಯಲ್ಲಿ ಮಾತಾಡಿ ಅಂತ ಕೇಳೋಣ ಎಂಬುದು ಹೆಚ್ಚಿನವರ ಅಭಿಪ್ರಾಯ. ಅದು ಸರಿಯೇ? ಟಿಪ್ಪಣಿ ಎಷ್ಟು ಉದ್ದ ಇರಬೇಕು, ಅದರಲ್ಲಿ ಏನಿರಬೇಕು? ಬಲ್ಲವರು ತಿಳಿಸಿ.

---

ಕಲಾಪ ಓದುಗ:

ಮೂರನ್ನೂ ಒಟ್ಟಿಗೆ ಕಟ್ಟಬೇಡಿ. ಮೂರು ವಿಷಯಕ್ಕೆ ಮೂರು ಬೇರೆ ದಾರಿ, ಮೂರನೆಯದಕ್ಕಂತೂ ಲೋಕಸಭೆಯೇ ಸರಿಯಾದ ಜಾಗ ಅಲ್ಲ.

ಶೂನ್ಯವೇಳೆ ಎಂದರೆ ಪ್ರಶ್ನೋತ್ತರ ವೇಳೆ ಮುಗಿದ ಮೇಲೆ ತುರ್ತು ವಿಷಯ ಎತ್ತುವ ಹೊತ್ತು. ಅದು ನಿಯಮಾವಳಿಯಲ್ಲಿ ಇಲ್ಲ, ರೂಢಿಯಿಂದ ಬಂದದ್ದು. ಸದಸ್ಯರು ನೋಟಿಸ್ ಕೊಡುತ್ತಾರೆ, ಲಾಟರಿಯಲ್ಲಿ ಹೆಸರು ಬಂದರೆ ಒಂದೆರಡು ನಿಮಿಷ ಸಿಗುತ್ತದೆ. ಸಚಿವರು ಅಲ್ಲೇ ಎದ್ದು ಉತ್ತರಿಸಬೇಕೆಂಬ ಕಟ್ಟುಪಾಡು ಇಲ್ಲ. ಮರುದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ವಿಡಿಯೊ ಓಡಾಡುತ್ತದೆ, ಕಡತ ಮಾತ್ರ ಇದ್ದಲ್ಲೇ ಇರುತ್ತದೆ. ಪ್ರವಾಹ, ಬೆಳೆನಷ್ಟ, ಏಕಾಏಕಿ ನಿಂತುಹೋದ ರೈಲು, ಇಂಥ ತುರ್ತಿಗೆ ಅದು ಒಳ್ಳೆಯದು. ಹತ್ತು ವರ್ಷದಿಂದ ಬಾಕಿ ಇರುವ ಮೇಲ್ಸೇತುವೆಗೆ ಅಲ್ಲ.

ಚುಕ್ಕೆ ಗುರುತಿಲ್ಲದ ಪ್ರಶ್ನೆಯಿಂದ ಶುರು ಮಾಡಿ. ಅದಕ್ಕೆ ಸಚಿವಾಲಯ ಲಿಖಿತ ಉತ್ತರ ಕೊಡಲೇಬೇಕು, ಆ ಉತ್ತರ ಸದನದ ದಾಖಲೆಯಾಗುತ್ತದೆ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20, ಗುರುತಿಲ್ಲದವು 230. ಚುಕ್ಕೆ ಗುರುತಿನದಕ್ಕೆ ಸಚಿವರು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಆದರೆ 11ರಿಂದ 12ರ ಒಂದು ಗಂಟೆಯಲ್ಲಿ ಇಪ್ಪತ್ತೂ ಮುಗಿಯುವುದು ಬಹಳ ಅಪರೂಪ. ಪಟ್ಟಿಯ ಕೆಳಗಿದ್ದರೆ ಅದಕ್ಕೂ ಲಿಖಿತ ಉತ್ತರವೇ ಗತಿ. ಹಾಗಾಗಿ ಚುಕ್ಕೆಗಾಗಿ ಕಾಯುತ್ತಾ ಕೂರಬೇಡಿ.

ಪ್ರಶ್ನೆ ಬರೆಯುವಾಗ ಗಮನಿಸಿ. ಸಾಮಾನ್ಯವಾಗಿ 150 ಪದ ಮೀರಬಾರದು. ವಾದ, ಊಹೆ, ಕುಹಕ ಇರಬಾರದು. ನ್ಯಾಯಾಲಯದ ಮುಂದಿರುವ ವಿಷಯ ಬೇಡ. ಈಗಾಗಲೇ ಉತ್ತರ ಬಂದ ಪ್ರಶ್ನೆಯನ್ನು ಮತ್ತೆ ಕೇಳಿದರೆ ತಿರಸ್ಕಾರ ಆಗುತ್ತದೆ, ಆದ್ದರಿಂದ ಸಂಸತ್ತಿನ ಜಾಲತಾಣದಲ್ಲಿ ಹಳೆಯ ಉತ್ತರಗಳನ್ನು ಮೊದಲು ಹುಡುಕಿ. ಹಳೆಯ ಉತ್ತರ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಮುಂದಿನ ಹಂತವನ್ನೇ ಕೇಳಬಹುದು. 'ಯಾವಾಗ ಸೇತುವೆ ಕಟ್ಟುತ್ತೀರಿ?' ಎಂದು ಕೇಳಿದರೆ 'ಪರಿಶೀಲನೆಯಲ್ಲಿದೆ' ಅನ್ನುತ್ತಾರೆ. 'ಯೋಜನೆ ಮಂಜೂರಾಗಿದೆಯೇ, ಆಗಿದ್ದರೆ ಯಾವ ವರ್ಷ, ಅಂದಾಜು ವೆಚ್ಚ ಎಷ್ಟು, ಈವರೆಗಿನ ಖರ್ಚು ಎಷ್ಟು, ಯಾವ ಹಂತದಲ್ಲಿ ಯಾರ ಬಳಿ ಬಾಕಿ ಇದೆ' ಎಂದು ಅ, ಆ, ಇ ಮಾಡಿ ಕೇಳಿದರೆ ಜಾರಿಕೊಳ್ಳಲು ಜಾಗ ಕಡಿಮೆ.

ಸಮಯದ ಲೆಕ್ಕ ತಪ್ಪಿಯೇ ಹೆಚ್ಚಿನ ಟಿಪ್ಪಣಿಗಳು ಹಾಳಾಗುವುದು. ನೋಟಿಸಿಗೆ ಪೂರ್ತಿ 15 ದಿನ ಅಂತರ ಬೇಕು. ಸಚಿವಾಲಯಗಳನ್ನು ಐದು ಗುಂಪು ಮಾಡಿ ಒಂದೊಂದಕ್ಕೆ ವಾರದಲ್ಲಿ ಒಂದೊಂದು ದಿನ ಕೊಟ್ಟಿರುತ್ತಾರೆ. ನಾಲ್ಕು ವಾರದ ಅಧಿವೇಶನದಲ್ಲಿ ರೈಲ್ವೆಗೆ ಸಿಗುವುದು ಹೆಚ್ಚೆಂದರೆ ನಾಲ್ಕು ದಿನ. ಅಧಿವೇಶನ ಆರಂಭವಾದ ಮೇಲೆ ಮನವಿ ಹಿಡಿದು ಹೋದರೆ ಆ ಸಲಕ್ಕೆ ಬಹುತೇಕ ಮುಗಿದಂತೆ. ದಿನಾಂಕ ಪ್ರಕಟವಾದ ವಾರದಲ್ಲೇ ಸಂಸದರ ಆಪ್ತ ಸಹಾಯಕರ ಕೈಗೆ ಸೇರಬೇಕು.

ಆಸ್ಪತ್ರೆಯ ವಿಷಯ: ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ರಾಜ್ಯ ಪಟ್ಟಿಯಲ್ಲಿವೆ. ವೈದ್ಯರ ನೇಮಕದ ಪ್ರಶ್ನೆ ಒಪ್ಪಿಗೆ ಪಡೆಯುವುದೇ ಕಷ್ಟ, ಪಡೆದರೂ 'ರಾಜ್ಯ ಸರ್ಕಾರದ ಜವಾಬ್ದಾರಿ' ಎಂಬ ಒಂದು ಸಾಲು ಬರುತ್ತದೆ. ಅದನ್ನು ದಿಶಾ (ಜಿಲ್ಲಾ ಅಭಿವೃದ್ಧಿ ಸಮನ್ವಯ ಮತ್ತು ಉಸ್ತುವಾರಿ ಸಮಿತಿ) ಸಭೆಗೆ ಒಯ್ಯಿರಿ. ಜಿಲ್ಲಾ ಮಟ್ಟದ ಆ ಸಮಿತಿಗೆ ಲೋಕಸಭಾ ಸದಸ್ಯರೇ ಅಧ್ಯಕ್ಷರು, ಮೂರು ತಿಂಗಳಿಗೊಮ್ಮೆ ಸೇರಬೇಕು, ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣ, ಗುತ್ತಿಗೆ ಹುದ್ದೆ ಎಲ್ಲವೂ ಅಲ್ಲಿ ಪರಿಶೀಲನೆಗೆ ಬರುತ್ತವೆ. ಜಿಲ್ಲಾ ಆರೋಗ್ಯ ಅಧಿಕಾರಿ ಎದುರಿಗೇ ಕೂತಿರುತ್ತಾರೆ.

---

ಹಳಿ ಹಾದಿ:

ಮೇಲ್ಸೇತುವೆ ಬಗ್ಗೆ ಮಾತ್ರ ಹೇಳುತ್ತೇನೆ.

'ನಮ್ಮೂರ ಗೇಟ್' ಅಂತ ಬರೆದರೆ ರೈಲ್ವೆ ಮಂಡಳಿಯಲ್ಲಿ ಯಾರಿಗೂ ಗೊತ್ತಾಗಲ್ಲ. ಲೆವೆಲ್ ಕ್ರಾಸಿಂಗ್ ಸಂಖ್ಯೆ, ಯಾವ ಎರಡು ನಿಲ್ದಾಣಗಳ ನಡುವೆ, ಕಿಲೋಮೀಟರ್ ಗುರುತು, ವಲಯ, ವಿಭಾಗ, ಇಷ್ಟೂ ಬೇಕು. ಗೇಟಿನ ಫಲಕದಲ್ಲೇ ಸಂಖ್ಯೆ ಇರುತ್ತದೆ. ವಲಯ ತಪ್ಪಾಗುವುದು ಕರಾವಳಿ ಕಡೆ ಜಾಸ್ತಿ: ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿದೆ, ಸಕಲೇಶಪುರದ ಕಡೆಯದು ನೈರುತ್ಯ ರೈಲ್ವೆಯ ಮೈಸೂರು ವಿಭಾಗ, ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ.

ಇನ್ನು ಟಿವಿಯು (ಟ್ರೇನ್ ವೆಹಿಕಲ್ ಯೂನಿಟ್). 24 ಗಂಟೆಯಲ್ಲಿ ಓಡುವ ರೈಲುಗಳ ಸಂಖ್ಯೆಯನ್ನು ಗೇಟು ದಾಟುವ ವಾಹನ ಯೂನಿಟ್‌ಗಳಿಂದ ಗುಣಿಸಿದರೆ ಬರುವ ಅಂಕಿ ಅದು. 40 ರೈಲು, 2,500 ಯೂನಿಟ್ ಇದ್ದರೆ 1,00,000. ರಾಜ್ಯದ ಜತೆ ವೆಚ್ಚ ಹಂಚಿಕೊಂಡು ಸೇತುವೆ ಕಟ್ಟಲು ಒಂದು ಲಕ್ಷ ಎಂಬುದೇ ಬಹುಕಾಲದ ಮಾನದಂಡ. ವಾಹನದ ಬಗೆ ನೋಡಿ ಯೂನಿಟ್ ಬೇರೆ ಬೇರೆ, ಆದ್ದರಿಂದ ನೀವೇ ಎಣಿಸಿದ ಲೆಕ್ಕವನ್ನು ಸದನದಲ್ಲಿ ಹೇಳಿಸಬೇಡಿ. ರೈಲ್ವೆಯ ಗಣತಿಯ ಅಂಕಿಯನ್ನೇ ಮಾಹಿತಿ ಹಕ್ಕಿನಲ್ಲಿ ಪಡೆಯಿರಿ: 10 ರೂಪಾಯಿ ಶುಲ್ಕ, 30 ದಿನ. ಹಳೆಯ ಗಣತಿಯಾಗಿದ್ದರೆ 'ಹೊಸ ಗಣತಿ ಮಾಡಿ' ಎಂಬುದೇ ಬೇಡಿಕೆಯ ಮೊದಲ ಸಾಲಾಗಲಿ.

ಕೆಲಸ ನಿಲ್ಲುವುದು ಹೆಚ್ಚಾಗಿ ದೆಹಲಿಯಲ್ಲಿ ಅಲ್ಲ. ರಾಜ್ಯ ತನ್ನ ಪಾಲಿಗೆ ಒಪ್ಪಿಲ್ಲ, ಗೇಟು ಶಾಶ್ವತವಾಗಿ ಮುಚ್ಚಲು ಒಪ್ಪಿಗೆ ಪತ್ರ ಬಂದಿಲ್ಲ, ಎರಡೂ ಕಡೆಯವರು ನಕ್ಷೆಗೆ ಸಹಿ ಹಾಕಿಲ್ಲ, ಇಳಿಜಾರು ರಸ್ತೆಗೆ ಬೇಕಾದ ಜಾಗ ಸ್ವಾಧೀನವಾಗಿಲ್ಲ. ಈ ನಾಲ್ಕರಲ್ಲಿ ಯಾವುದು ಎಂದು ಲೋಕೋಪಯೋಗಿ ಇಲಾಖೆಯಲ್ಲಿ ಮೊದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ಸಂಸದರು ಗಟ್ಟಿಯಾಗಿ ಮಾತಾಡುತ್ತಾರೆ, ಸಚಿವರು 'ರಾಜ್ಯದ ಒಪ್ಪಿಗೆ ಬಂದಿಲ್ಲ' ಅಂತ ಒಂದೇ ಮಾತಲ್ಲಿ ಕೂರಿಸುತ್ತಾರೆ. ಬಜೆಟ್ ಜತೆ ಬರುವ ಪಿಂಕ್ ಬುಕ್‌ನಲ್ಲಿ ನಿಮ್ಮ ವಲಯದ ಕಾಮಗಾರಿ ಪಟ್ಟಿ ಇರುತ್ತದೆ, ನಿಮ್ಮ ಗೇಟಿನ ಎದುರು ಎಷ್ಟು ಹಣ ಬರೆದಿದ್ದಾರೆ ನೋಡಿ. ಹೆಸರು ಇದ್ದು ಹಣ ನಾಮಮಾತ್ರಕ್ಕೆ ಇರುವುದೂ ಉಂಟು.

---

ಸಹ್ಯಾದ್ರಿ ತಪ್ಪಲು:

ಅಡಿಕೆಯನ್ನು 'ನಮ್ಮ ತಾಲ್ಲೂಕಿನ ಬೆಳೆ' ಅಂತ ಎತ್ತಿದರೆ ಸೋತಂತೆ. ಕೇರಳ, ಅಸ್ಸಾಂ, ತ್ರಿಪುರಾದಲ್ಲೂ ಬೆಳೆಯುತ್ತಾರೆ. ಅಲ್ಲಿಯ ಸದಸ್ಯರೂ ಸೇರಿ ಗಮನ ಸೆಳೆಯುವ ಸೂಚನೆ ಕೊಡಬಹುದು: ನಿಯಮ 197, ಒಂದು ಸೂಚನೆಗೆ ಐದು ಹೆಸರಿನವರೆಗೆ. ಅದರಲ್ಲಿ ಸಚಿವರು ಸದನದಲ್ಲೇ ಹೇಳಿಕೆ ಕೊಡಬೇಕು.

ಆದರೆ ವಿಷಯವನ್ನು ಸಚಿವಾಲಯವಾರು ಒಡೆಯಿರಿ. ಕನಿಷ್ಠ ಆಮದು ಬೆಲೆ ವಾಣಿಜ್ಯ ಸಚಿವಾಲಯದ್ದು, 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಅವರೇ. ಸುಂಕ, ಕಳ್ಳಸಾಗಣೆ ತಡೆ ಹಣಕಾಸು ಸಚಿವಾಲಯದ್ದು. ಎಲೆಚುಕ್ಕಿ ಸಂಶೋಧನೆ ಕೃಷಿ ಸಚಿವಾಲಯದ್ದು. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಅದರ ವಿಟ್ಲ ಕೇಂದ್ರ ಬರುವುದು ಅಲ್ಲಿಗೇ. ಮೂರನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದರೆ ಒಂದು ಸಚಿವಾಲಯಕ್ಕೆ ಹೋಗಿ, ಉಳಿದ ಎರಡು ಭಾಗಕ್ಕೆ 'ನಮಗೆ ಸಂಬಂಧಿಸಿಲ್ಲ' ಎಂಬ ಉತ್ತರ ಬರುತ್ತದೆ.

ಬಜೆಟ್ ಅಧಿವೇಶನದಲ್ಲಾದರೆ ಕಡಿತ ಸೂಚನೆಯೂ ಇದೆ. ನಿರ್ದಿಷ್ಟ ಕುಂದುಕೊರತೆ ಹೇಳಲೆಂದೇ ಇರುವ ಸಾಂಕೇತಿಕ ಕಡಿತ: ಸಚಿವಾಲಯದ ಅನುದಾನ ಬೇಡಿಕೆಯ ಮೊತ್ತದಲ್ಲಿ 100 ರೂಪಾಯಿ ಕಡಿಮೆ ಮಾಡಿ ಎನ್ನುವುದು. ಆಡಳಿತ ಪಕ್ಷದ ಸದಸ್ಯರು ಇದನ್ನು ತರುವುದಿಲ್ಲ, ನಿಮ್ಮ ಸಂಸದರು ಯಾವ ಕಡೆ ಎಂಬುದನ್ನು ನೋಡಿ ಕೇಳಿ.

---

ಗೇಟ್‌ಪಕ್ಕದವರು:

ತುಂಬಾ ಉಪಕಾರವಾಯಿತು. ಹಾಗಾದರೆ ನಿಯಮ 377 ಎಲ್ಲಿ ಬರುತ್ತದೆ? ಕನ್ನಡದಲ್ಲೇ ಮಾತಾಡಿಸಬಹುದೇ?

---

ಕಲಾಪ ಓದುಗ:

ನಿಯಮ 377 ಎಂದರೆ ಮೊದಲೇ ಬರೆದು ಒಪ್ಪಿಗೆ ಪಡೆದ ವಿಷಯವನ್ನು ಸದಸ್ಯರು ಸದನದಲ್ಲಿ ಓದುವ ದಾರಿ. ಪ್ರಶ್ನೆಗೆ ಉತ್ತರ ಬಂದ ನಂತರ, ಆ ಉತ್ತರವನ್ನೇ ಆಧಾರ ಮಾಡಿಕೊಂಡು ಅದನ್ನು ಬಳಸಿ. ಪಠ್ಯ 250 ಪದ ಮೀರಬಾರದು, ಒಬ್ಬ ಸದಸ್ಯರಿಗೆ ವಾರಕ್ಕೆ ಒಂದೇ ವಿಷಯ. ಒಪ್ಪಿಗೆಯಾದ ಪಠ್ಯವನ್ನಷ್ಟೇ ಓದಬೇಕು. ನಡುವೆ ಸೇರಿಸಿದ ಮಾತು ದಾಖಲೆಗೆ ಹೋಗುವುದಿಲ್ಲ. ಗದ್ದಲವಿದ್ದ ದಿನ ಓದದೆ 'ಮಂಡಿಸಲಾಗಿದೆ' ಎಂದು ಪರಿಗಣಿಸುತ್ತಾರೆ. ವಿಡಿಯೊ ಸಿಗಲಿಲ್ಲ ಎಂದು ಬೇಸರ ಬೇಡ, ಸಚಿವಾಲಯಕ್ಕೆ ಹೋಗುವ ಪತ್ರ ಅದೇ. ಒಂದು ತಿಂಗಳಲ್ಲಿ ಉತ್ತರ ನೇರ ಸಂಸದರಿಗೆ ಬರಬೇಕು. ಅದು ಜಾಲತಾಣದಲ್ಲಿ ಸಿಗದೆ ಅವರ ಕಚೇರಿಯಲ್ಲೇ ಉಳಿದುಬಿಡಬಹುದು, ತಿಂಗಳಾದ ಮೇಲೆ ಹೋಗಿ ಪ್ರತಿ ಕೇಳಿ.

ಕರಡು ಹೀಗಿರಲಿ:

'ನಮ್ಮ ಕ್ಷೇತ್ರದ ಲೆವೆಲ್ ಕ್ರಾಸಿಂಗ್ ಸಂಖ್ಯೆ ಇಂತಿಷ್ಟು, ದಿನಕ್ಕೆ ಇಂತಿಷ್ಟು ಬಾರಿ ಮುಚ್ಚುತ್ತದೆ. ರೈಲ್ವೆಯ ಗಣತಿಯ ಪ್ರಕಾರ ಟಿವಿಯು ಇಂತಿಷ್ಟು. ಇಂಥ ದಿನಾಂಕದ ಇಂಥ ಸಂಖ್ಯೆಯ ಪ್ರಶ್ನೆಗೆ, ನಕ್ಷೆಗೆ ಜಂಟಿ ಸಹಿ ಬಾಕಿ ಇದೆ ಎಂದು ಸರ್ಕಾರ ತಿಳಿಸಿದೆ. ರಾಜ್ಯ ತನ್ನ ಒಪ್ಪಿಗೆಯನ್ನು ಇಂಥ ದಿನಾಂಕದ ಪತ್ರದಲ್ಲಿ ನೀಡಿದೆ. ನಕ್ಷೆಯನ್ನು ಅಂತಿಮಗೊಳಿಸಿ ಮುಂದಿನ ಕಾಮಗಾರಿ ಪಟ್ಟಿಯಲ್ಲಿ ಹಣ ಒದಗಿಸಬೇಕೆಂದು ರೈಲ್ವೆ ಸಚಿವರನ್ನು ಕೋರುತ್ತೇನೆ.'

ಇಷ್ಟೇ ಸಾಕು. ಕ್ಷೇತ್ರದ ಇತಿಹಾಸ, ದೇವಸ್ಥಾನದ ಮಹಿಮೆ ಬರೆದು ಪದ ಕಳೆಯಬೇಡಿ.

ಕನ್ನಡದಲ್ಲಿ ಖಂಡಿತ ಮಾತಾಡಬಹುದು. ಸಂವಿಧಾನದ 120ನೇ ವಿಧಿಯಡಿ ಸ್ಪೀಕರ್ ಅನುಮತಿಯಿಂದ ಮಾತೃಭಾಷೆಗೆ ಅವಕಾಶವಿದೆ, ಏಕಕಾಲ ಅನುವಾದವೂ ಇದೆ. ಭಾಷಾಂತರಕಾರರಿಗೆ ಮುಂಚೆಯೇ ತಿಳಿಸಿ, ಭಾಷಣದ ಪ್ರತಿ ಕೊಟ್ಟಿರಬೇಕು. ಓಡುವ ಮಾತಿನಲ್ಲಿ ಮೊದಲು ತಪ್ಪುವುದು ಅಂಕಿಗಳೇ. ಗೇಟ್ ಸಂಖ್ಯೆ, ಮೊತ್ತ, ದಿನಾಂಕವನ್ನು ನಿಧಾನವಾಗಿ ಹೇಳಲಿ.

ಇನ್ನೊಂದು ಮಾತು. ಸಚಿವರು ಸದನದಲ್ಲಿ 'ಪರಿಶೀಲಿಸುತ್ತೇವೆ', 'ಮಾಹಿತಿ ಸಂಗ್ರಹಿಸಿ ಸದನದ ಮುಂದಿಡುತ್ತೇವೆ' ಎಂದರೆ ಅದನ್ನು ಭರವಸೆ ಎಂದು ದಾಖಲಿಸುತ್ತಾರೆ, ಮೂರು ತಿಂಗಳಲ್ಲಿ ಈಡೇರಿಸಬೇಕು. ಆಗದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಕೇಳುತ್ತದೆ. 2023–24ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಘೋಷಣೆಯಾದ ಮೇಲೂ ಹಣ ಬಿಡುಗಡೆಗಾಗಿ ರಾಜ್ಯ ಮತ್ತೆ ಮತ್ತೆ ಕೇಳಬೇಕಾಗಿ ಬಂದದ್ದು ನೆನಪಿರಲಿ. ಉತ್ತರ ಬಂದ ದಿನವೇ ಅದರ ಪ್ರತಿ, ದಿನಾಂಕ, ಪ್ರಶ್ನೆ ಸಂಖ್ಯೆಯನ್ನು ಒಂದು ಕಡತದಲ್ಲಿ ಹಾಕಿಡಿ. ಮುಂದಿನ ಅಧಿವೇಶನದ ಪ್ರಶ್ನೆಗೆ ಅದೇ ಮೊದಲ ಹಾಳೆ.