ಕುಸ್ತಿಯಿಂದ ಎಂಎಂಎಗೆ: 74 ಕೆಜಿ ಇದ್ದವ ಯಾವ ತೂಕಕ್ಕ ಆಡಬೇಕು?

ಜತ್ತ_ಪೈಲ್ವಾನ:
ತಾಲೀಮಿನಾಗ ಮಣ್ಣು, ಮ್ಯಾಟ್ ಎರಡೂ ಆಡೇನಿ. ಈಗ ಎಂಎಂಎಗೆ (ಗುದ್ದು, ಒದೆ, ಕುಸ್ತಿ ಎಲ್ಲಾ ನಡಿಯೋ ಕಾಳಗ) ಬರಬೇಕಂತೇನಿ. ತೂಕ 74 ಕೆಜಿ. ಮೊದಲ ಪ್ರೊ (ವೃತ್ತಿಪರ) ಫೈಟ್ ಫೆದರ್‌ವೇಟ್‌ನಾಗ (65.8 ಕೆಜಿ ಮಿತಿ) ಆಡು ಅಂತಾರ, ಎರಡು ತಿಂಗಳು ಅದ. ಆಗ್ತದೇನ್ರಿ? ಕುಸ್ತಿಯ ಯಾವ ರೂಢಿ ಕೇಜಿನಾಗ (ಜಾಲರಿ ಕಟ್ಟಿದ ಅಖಾಡ) ಮುಳುವಾಗ್ತದ?

ಅಕ್ಕಲಕೋಟ_ಗ್ರಾಪ್ಲರ್:
ರೂಢಿ ಮಾತು ಮೊದಲು. ಚಿತ್ತಾಗಬಾರದು ಅಂತ ಬೋರಲು ಬೀಳೂದು ಬಿಡ್ರಿ. ಇಲ್ಲಿ ಬೆನ್ನು ನೆಲಕ್ಕ ತಾಗಿದ್ರ ಫೈಟ್ ಮುಗಿಯೂದಿಲ್ಲ. ಬೆನ್ನು ಕೊಟ್ರ ಎದುರಾಳಿ ಎರಡೂ ಕಾಲು ನಿಮ್ಮ ತೊಡಿಯೊಳಗ ಸಿಕ್ಕಿಸಿ, ಗದ್ದದ ಕೆಳಗ ಕೈ ತೂರಿಸಿ ರಿಯರ್ ನೇಕೆಡ್ ಚೋಕ್ ಹಾಕ್ತಾನ. ಕುತ್ತಿಗಿ ಎರಡೂ ಬದಿಯ ರಕ್ತನಾಳ ಒತ್ತಿದ್ರ ಕೆಲವೇ ಸೆಕೆಂಡಿನಾಗ ಎಚ್ಚರ ತಪ್ತದ. ಅಂಗಾತ ಬಿದ್ರ ಮೊಣಕಾಲು ನಡುವ ತಂದು ಅವನ ಸೊಂಟ ದೂರ ತಳ್ಳಿ, ಮಗ್ಗಲಾಗಿ ಕೈ ಊರಿ ಏಳ್ರಿ. ಕೇಜ್ ಹತ್ತಿರ ಇದ್ರ ಬೆನ್ನು ಅದಕ್ಕ ಆನಿಸಿ ಏಳೂದು ಇನ್ನೂ ಸುಲಭ.

ಇನ್ನೊಂದು, ತಲಿ ತಗ್ಗಿಸಿ ಕಾಲಿಗೆ ಹೊಕ್ಕು ನಡುವೇ ನಿಂತ್ರ ಗಿಲಟಿನ್ (ಮುಂದಿನಿಂದ ತಲಿ ಕಂಕುಳಾಗ ಸಿಕ್ಕಿಸಿ ಕುತ್ತಿಗಿ ಹಿಸುಕೂದು) ಖಾತ್ರಿ. ಜಾಬ್ (ಮುಂದಿನ ಕೈಯ ನೇರ ಗುದ್ದು) ಹೊಡೆದು ಅವನ ಕೈ ಮ್ಯಾಲೆ ಬಂದಾಗ ಹೋಗ್ರಿ. ಕಣ್ಣು ಮ್ಯಾಲೆ, ಕಿವಿ ಅವನ ಪಕ್ಕೆಲುಬಿಗೆ ಅಂಟಿರಲಿ. ಸಿಕ್ಕಿಬಿದ್ರ ಮೊದಲು ಕುತ್ತಿಗಿ ಒತ್ತೋ ಕೈ ಎಳೀರಿ, ತಲಿ ಸಿಕ್ಕ ಬದಿಯ ಎದುರು ಬದಿಗೆ ದಾಟ್ರಿ.

ಸೊಲ್ಲಾಪುರ_ಕಾರ್ನರ್:
65.8 ಬ್ಯಾಡವೇ ಬ್ಯಾಡ. 8.2 ಕೆಜಿ ಅಂದ್ರ ದೇಹದ ಶೇ. 11. 2015ರಲ್ಲಿ ಚೀನಾದ ಎಂಎಂಎ ಆಟಗಾರ ಯಾಂಗ್ ಜಿಯಾನ್ ಬಿಂಗ್ ತೂಕ ಇಳಿಸೋವಾಗಲೇ ಸತ್ತ. ಆಮೇಲೆ ಎಂಎಂಎ ಸಂಸ್ಥೆ ವನ್ ಚಾಂಪಿಯನ್‌ಶಿಪ್ ನೀರು ಇಂಗಿಸಿ ತೂಕ ಇಳಿಸೂದನ್ನ ನಿಷೇಧಿಸ್ತು. ಲೈಟ್‌ವೇಟ್ (70.3) ಹಿಡೀರಿ.

ವಾರಕ್ಕ ಅರ್ಧ ಕೆಜಿಯಂತೆ ಆರು ವಾರ ಇಳಿಸಿದ್ರ 71ಕ್ಕ ಬರ್ತೀರಿ. ಉಳಿದದ್ದಕ್ಕ ಕೊನೇ ವಾರ ಉಪ್ಪು ಕಡಿಮೆ, ಕೊನೇ ಎರಡು ದಿನ ಜೋಳದ ರೊಟ್ಟಿ, ಕಾಳುಪಲ್ಯ ಬಿಟ್ಟು ಸ್ವಲ್ಪ ಅನ್ನ, ಮೊಟ್ಟಿ. ನಾರು ಕಡಿಮೆ ಆದ್ರ ಹೊಟ್ಟೆಯ ಭಾರ ತಾನೇ ಇಳೀತದ. ನಮ್ಮ ಕಡೆ ಬಿಸಿಲಿನಾಗ ಪ್ಲಾಸ್ಟಿಕ್ ಸೂಟ್ ಹಾಕಿ ಓಡೂದು ಜೀವಕ್ಕೇ ಕುತ್ತು. ಮೂತ್ರ ಹೆಚ್ಚಿಸೋ ಗುಳಿಗಿ ಮುಟ್ಟಬ್ಯಾಡ್ರಿ, ಡೋಪಿಂಗ್ ಪಟ್ಟಿಯಲ್ಲೂ ಅವು ಅದಾವ.

ತೂಕ ಕೊಟ್ಟ ಮ್ಯಾಲೆ ಕೊನೇ ವಾರ ಇಳಿದ ಪ್ರತಿ ಕೆಜಿಗೆ ಒಂದೂವರೆ ಲೀಟರ್ ಓಆರ್‌ಎಸ್, ಗುಟುಕು ಗುಟುಕಾಗಿ ಹಲವು ತಾಸು. ಒಮ್ಮೆಲೇ ಕುಡಿದ್ರ ವಾಂತಿ ಆಗ್ತದ.

ಗಡಿನಾಡ_ಜಿಮ್:
ಮೊದಲು ಅಮೆಚೂರ್ (ಹವ್ಯಾಸಿ) ಫೈಟ್ ಆಡ್ರಿ, ರೌಂಡ್ ಸಾಮಾನ್ಯವಾಗಿ 3 ನಿಮಿಷದ್ದು, ಪ್ರೊನಾಗ 5. ಕುಸ್ತಿಯ ತಗ್ಗಿದ ನಿಲುವಿನಾಗ ಭಾರ ಮುಂದಿನ ಕಾಲಿನ ಮ್ಯಾಲೆ ಇರ್ತದ, ಮೀನಖಂಡಕ್ಕ ಒದ್ರ ಎತ್ತಿ ತಪ್ಪಿಸಲು ಆಗೂದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ರಕ್ತಪರೀಕ್ಷೆ ಮೊದಲೇ ಮಾಡಿಸ್ರಿ, ಕೊನೇ ಗಳಿಗೆಗೆ ಬಿಟ್ರ ವರದಿ ಬರೋದ್ರಾಗ ಫೈಟ್ ಕೈ ತಪ್ತದ.