ರೋಬೋ ಗೊಂಬೆನ ಮಡಚಿ ಟ್ರಕ್ ಮಾಡುವಾಗ ಕೊನೆಯ ಪ್ಯಾನೆಲ್ ಮುಚ್ಚುತ್ತಿಲ್ಲ, ಸೊಂಟದ ಕೀಲೂ ಸಡಿಲ. ಏನು ಮಾಡೋದು?

ಟ್ರಕ್‌ಪ್ರಿಯ

ಥರ್ಡ್ ಪಾರ್ಟಿ (ಮೂಲ ಬ್ರಾಂಡಿನ ಪರವಾನಗಿ ಇಲ್ಲದ) ಕಂಪನಿಯೊಂದರ ರೋಬೋ. ಹೆಸರು ಬೇಡ, ಸುಮ್ಮನೆ ಜಗಳ ಆಗತ್ತೆ. ನಿಲ್ಲಿಸಿದರೆ 22 ಸೆಂ.ಮೀ. ಎತ್ತರ, ಮಡಚಿದರೆ ಉದ್ದ ಮೂತಿಯ ಅಮೆರಿಕನ್ ಟ್ರಕ್. ಟ್ರಕ್ಕನ್ನ ರೋಬೋ ಮಾಡೋದು ಸಲೀಸು. ವಾಪಸ್ ಟ್ರಕ್ ಮಾಡುವಾಗಲೇ ಬೆವರು ಇಳಿಯೋದು.

ಬಾನೆಟ್ಟಿನ ಎರಡು ಅರ್ಧಗಳ ನಡುವೆ 2 ಮಿ.ಮೀ. ಸಂದಿ ಉಳಿಯತ್ತೆ. ಅದನ್ನ ಒತ್ತಿ ಕೂರಿಸಿದರೆ ಹಿಂದೆ ಕ್ಯಾಬಿನ್ನಿನ ಬಲಗಡೆ ಪ್ಯಾನೆಲ್ ಪಟ್ ಅಂತ ಎದ್ದು ಬರತ್ತೆ. ಎಡ ಸೊಂಟದ ಬಾಲ್ ಜಾಯಿಂಟ್ (ಸಾಕೆಟ್ಟಿನೊಳಗೆ ಗುಂಡು ತಿರುಗುವ ಕೀಲು) ಸಡಿಲ, ಕೈಗೆ ಗನ್ ಕೊಟ್ಟರೆ ರೋಬೋ ಪಕ್ಕಕ್ಕೆ ವಾಲತ್ತೆ. ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಪಿನ್ ಸುತ್ತ ಬಿಳಿ ಗೆರೆ ಕಾಣ್ತಿದೆ, ಅದು ಬಿರುಕೋ ಅಲ್ಲವೋ ಗೊತ್ತಾಗ್ತಿಲ್ಲ.

ಇನ್ನೊಂದು ಪ್ರಶ್ನೆ. ಇಷ್ಟೇ ಹಂತಗಳಿರೋ ಬೇರೆ ಗೊಂಬೆಗಳು ಮತ್ತೆ ಮತ್ತೆ ಮಡಚಬೇಕು ಅನ್ನಿಸತ್ವೆ. ಇದನ್ನ ಕೈಗೆತ್ತಿಕೊಳ್ಳೋಕೇ ಬೇಜಾರು. ಯಾಕೆ ಹೀಗೆ?

ಕೀಲುಕುದುರೆ

ಬಾನೆಟ್ ಮುಚ್ಚುತ್ತಿಲ್ಲ ಅಂದರೆ ತಪ್ಪು ಬಾನೆಟ್‌ನಲ್ಲಿ ಇರೋದು ಅಪರೂಪ. ಒಳಗೆ ಯಾವುದೋ ಭಾಗ ಒಂದು ಮಿಲಿಮೀಟರ್ ಹೊರಗೆ ನಿಂತಿದೆ, ಅದನ್ನ ಹುಡುಕಬೇಕು. ಸೀರೆಯ ಮೊದಲ ಮಡಿಕೆ ಒಂದು ಬೆರಳು ಓರೆಯಾದರೆ ಕೊನೇ ಮಡಿಕೆಗೆ ಅಂಚು ಕೂಡಲ್ಲವಲ್ಲ, ಅದೇ ಲೆಕ್ಕ.

ಮಡಚೋಕೆ ಮುಂಚೆ ರೋಬೋನ ಮೇಜಿನ ಮೇಲೆ ಅಂಗಾತ ಮಲಗಿಸಿ. ಸೊಂಟ ಎಡಬಲ ತಿರುಗಿರಬಾರದು, ಮಂಡಿ ಪೂರ್ತಿ ನೇರ, ಪಾದ ಕಾಲಿನ ಗೆರೆಗೇ ಇರಬೇಕು. ತೊಡೆಯಲ್ಲಿ ಅಡ್ಡಕ್ಕೆ ತಿರುಗುವ ಕೀಲೊಂದು ಇರತ್ತೆ, ಎಲ್ಲರೂ ಮರೆಯೋದು ಅದನ್ನೇ. ಐದು ಡಿಗ್ರಿ ಹೊರಳಿದ್ದರೂ ಕಣ್ಣಿಗೆ ಬೀಳಲ್ಲ, ಆದರೆ ಎರಡು ಕಾಲು ಜೋಡಿಸಿದಾಗ ಟ್ರಕ್ಕಿನ ಹಿಂಭಾಗ ಅಷ್ಟು ಅಗಲ ಆಗತ್ತೆ, ಆ ಒತ್ತಡ ಕ್ಯಾಬಿನ್ ಪ್ಯಾನೆಲ್ಲಿಗೆ ಹೋಗತ್ತೆ. ನಿಮ್ಮ ಬಲಗಡೆ ಪ್ಯಾನೆಲ್ ಏಳೋದಕ್ಕೆ ನನ್ನ ಮೊದಲ ಅನುಮಾನ ಬಲ ತೊಡೆ ಮೇಲೆ. ಎರಡನೇದು ಮುಷ್ಟಿ: ಮಣಿಕಟ್ಟಿನೊಳಕ್ಕೆ ಪೂರ್ತಿ ಮಡಚಿಕೊಂಡಿದೆಯಾ, ಹೆಬ್ಬೆರಳು ಯಾವ ಕಡೆಗಿದೆ ನೋಡಿ. ಮೂರನೇದು ತಲೆ. ತಲೆ ಎದೆಯೊಳಗೆ ಇಳಿಯೋ ವಿನ್ಯಾಸ ಆಗಿದ್ದರೆ ಕತ್ತಿನ ಬಾಲ್ ಜಾಯಿಂಟ್ ಸ್ವಲ್ಪ ಮೇಲೆ ನೋಡ್ತಿದ್ದರೂ ಕಿವಿಯ ಕೊಂಬು ಬಾನೆಟ್ಟಿಗೆ ತಗಲತ್ತೆ.

ಮುಚ್ಚುವ ಕ್ರಮ ಇದಕ್ಕಿಂತ ಮುಖ್ಯ. ಬಹಳ ಜನ ಒಂದೊಂದು ಟ್ಯಾಬನ್ನೂ (ಸ್ಲಾಟಿಗೆ ಕಚ್ಚುವ ಚಿಕ್ಕ ನಾಲಿಗೆ) ಸಿಕ್ಕ ಸಿಕ್ಕ ಹಾಗೆ ಕಚ್ಚಿಸಿಕೊಂಡು ಹೋಗ್ತಾರೆ. ಕೊನೇದಕ್ಕೆ ಜಾಗ ಇರಲ್ಲ. ಎಲ್ಲ ಪ್ಯಾನೆಲ್ಲುಗಳನ್ನೂ ಜಾಗದ ಹತ್ತಿರ ತಂದು ಅರೆ ತೆರೆದೇ ಬಿಡಿ. ಆಮೇಲೆ ನಟ್ಟನಡುವಿನಿಂದ, ಅಂದರೆ ಎರಡು ಕಾಲು ಸೇರುವಲ್ಲಿಂದ ಶುರು ಮಾಡಿ ಹೊರಗಡೆಗೆ ಬನ್ನಿ. ಬಾನೆಟ್ಟಿನ ಎರಡು ಅರ್ಧ ಮೊದಲು ಪರಸ್ಪರ ಸೇರಿ, ಆಮೇಲೆ ಎರಡೂ ಒಟ್ಟಿಗೆ ಕೆಳಗೆ ಕೂರಬೇಕು. ಒಂದು ಕೂತ ಮೇಲೆ ಇನ್ನೊಂದನ್ನ ತಳ್ಳಿದರೆ ಆ 2 ಮಿ.ಮೀ. ಯಾವತ್ತೂ ಹೋಗಲ್ಲ.

ಹೆಬ್ಬೆರಳಿನ ಒತ್ತಡಕ್ಕೆ ಕೂರದಿದ್ದರೆ ಬಿಡಿ, ಪೂರ್ತಿ ತೆರೆದು ಮೊದಲಿಂದ ಮಾಡಿ. ಹಿಂಡಿದರೆ ಎಬಿಎಸ್ ಪ್ಲಾಸ್ಟಿಕ್ ಮೊದಲು ಬಿಳಿಚಿಕೊಳ್ಳತ್ತೆ, ಆಮೇಲೆ ಟ್ಯಾಬು ಮುರಿಯತ್ತೆ.

ಸ್ಕ್ರೂಡ್ರೈವರ್ ಹುಬ್ಳಿ

ಮ್ಯಾಲಿನವ್ರು ಹೇಳಿದ್ದೆಲ್ಲಾ ಖರೆ. ಅದರ ಜೋಡಿ ಇನ್ನೊಂದು ನೋಡ್ರಿ: ಫ್ಯಾಕ್ಟರಿಯೊಳಗ ಒಮ್ಮೊಮ್ಮೆ ಎಡದ ಭಾಗ ಬಲಕ್ಕ ಕೂಡಿಸಿ ಕಳಿಸಿರ್ತಾರ. ಎರಡೂ ಬದಿ ಒಂದರ ಪಕ್ಕ ಒಂದು ಇಟ್ಟು ಕನ್ನಡಿಯೊಳಗ ಕಂಡಂಗ ಅದಾವೇನು ಅಂತ ತಾಳೆ ಹಾಕ್ರಿ. ಟ್ಯಾಬ್ ಇದ್ದಲ್ಲೆ ಎದುರಿಗೆ ಸ್ಲಾಟ್ ಇಲ್ಲಂದ್ರ ಭಾಗ ಅದಲುಬದಲಾಗೇತಿ. ಸ್ಕ್ರೂ ಬಿಚ್ಚಿ ಸರಿ ಮಾಡಬೇಕು, ಬ್ಯಾರೆ ದಾರಿ ಇಲ್ಲ.

ಸಡಿಲ ಸೊಂಟಕ್ಕ ಔಷಧ ಹೇಳೋಕಿಂತ ಮೊದಲ ಅದು ಎಂಥಾ ಕೀಲು ಅಂತ ಗೊತ್ತಾಗಬೇಕು. ಕಟಕಟ ಸಪ್ಪಳ ಬಂದ್ರ ರಾಚೆಟ್, ಅದಕ್ಕ ಅಂಟು ಹಚ್ಚಲೇಬ್ಯಾಡ್ರಿ, ಒಳಗಿನ ಹಲ್ಲು ಕೆಡ್ತಾವು. ಸ್ಕ್ರೂ ಹಿಡಿದಿರೋ ಕೀಲಾದ್ರ ಕಾಲು ಸುತ್ತು ಬಿಗಿ ಮಾಡಿದ್ರ ಮುಗೀತು. ನಿಮ್ದು ಬಾಲ್ ಅಂತೀರಿ, ಹಂಗಾರ ಕಾಲು ನೇರ ಕೆಳಗ ಜಗ್ಗಿ ಬಾಲ್ ಹೊರಗ ತಗೀರಿ. ಬಾಲ್ ಮ್ಯಾಲೆ ಫೆವಿಕ್ವಿಕ್ ತೆಳ್ಳಗ ಒಂದು ಪದರ, ಹಲ್ಲುಕಡ್ಡಿಯಿಂದ ಸವರಿ, ಬಿಚ್ಚಿಟ್ಟಂಗ ಒಂದು ತಾಸು ಒಣಗಲಿ. ಪೂರಾ ಒಣಗಿದ ಮ್ಯಾಲೇ ಒಳಗ ಹಾಕ್ರಿ. ಸಾಲಲಿಲ್ಲಂದ್ರ ಎರಡನೇ ಪದರ. ಜೋಡಿಸಿದ ಕೀಲಿನೊಳಗ ಹನಿ ಬಿಟ್ರ ಕಾಲು ಕಾಯಂ ಅಂಟಿ ಕೂಡ್ತದ.

ಕೈಗೆ ಮೇಣದಂಗ ಜಾರೋ, ಹೊಳಪು ಕಡಿಮಿ ಇರೋ ಪ್ಲಾಸ್ಟಿಕ್ ಇದ್ರ ಅದು ಪಿಒಎಂ. ಅದಕ್ಕ ಅಂಟೂ ಹಿಡಿಯಂಗಿಲ್ಲ, ಬಣ್ಣಾನೂ ಹಿಡಿಯಂಗಿಲ್ಲ. ಅಲ್ಲೆ ಸಾಕೆಟ್ಟಿನೊಳಗ ತೆಳು ಪ್ಲಾಸ್ಟಿಕ್ ಹಾಳಿಯ ತುಣುಕು ಇಡಬೇಕು.

ಸ್ಕ್ರೂ ವಾಪಸ್ ಹಾಕುವಾಗ ಮೊದಲ ಹಿಂದಕ್ಕ ತಿರುವ್ರಿ. ಟಕ್ ಅಂತ ಒಂದು ಸಣ್ಣ ಇಳಿತ ಕೈಗೆ ತಿಳೀತದ, ಹಳೇ ಥ್ರೆಡ್ ಸಿಕ್ತು ಅಂತ ಅರ್ಥ. ಅಲ್ಲಿಂದ ಮುಂದಕ್ಕ ಬಿಗಿ ಮಾಡ್ರಿ. ಇಲ್ಲಂದ್ರ ಹೊಸಾ ಥ್ರೆಡ್ ಕೊರದು ಪ್ಲಾಸ್ಟಿಕ್ ಕಂಬ ಸೀಳ್ತದ.

ವಾಲ್ಕಿರಿ82

ಫೆವಿಕ್ವಿಕ್ ಸರಿ, ಆದರೆ ಕಿಟಕಿಯ ಹತ್ತಿರ ಬೇಡವೇ ಬೇಡ. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮತ್ತು ಕ್ರೋಮ್ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪೊರೆ ಬಿಡತ್ತೆ. ನೀರಾಧಾರಿತ ಅಕ್ರಿಲಿಕ್ ಫ್ಲೋರ್ ಪಾಲಿಶ್ ಸಿಕ್ಕರೆ ಅದು ಉತ್ತಮ: ಒಂದೊಂದೇ ಹನಿ, ಪ್ರತಿ ಸಲ ಒಂದು ರಾತ್ರಿ ಒಣಗಬೇಕು. ತಾಳ್ಮೆ ಬೇಕು, ಆದರೆ ಕೀಲು ಹಿಡಿದುಕೊಳ್ಳೋ ಅಪಾಯ ಕಡಿಮೆ.

ಈಗ ನಿಮ್ಮ ಕೊನೇ ಪ್ರಶ್ನೆಗೆ. ಡಬ್ಬದ ಮೇಲೆ ಮುದ್ರಿಸಿರೋ ಹಂತಗಳ ಸಂಖ್ಯೆಯಿಂದ ಏನೂ ತಿಳಿಯಲ್ಲ. ಒಂದೇ ಹಂತದ ಚಿತ್ರದಲ್ಲಿ ನಾಲ್ಕು ಬಾಣ ತುರುಕಿರ್ತಾರೆ. ನೋಡಬೇಕಾದ್ದು ಬೇರೆ: ಒಂದು ಭಾಗ ಸರಿಸಿದಾಗ ಮುಂದಿನ ಭಾಗಕ್ಕೆ ದಾರಿ ತಾನಾಗಿ ತೆರೆಯತ್ತಾ, ಇಲ್ಲಾ ನೀವೇ ಮೂರು ಪ್ಯಾನೆಲ್ ಹಿಡಿದುಕೊಂಡು ನಾಲ್ಕನೇದಕ್ಕೆ ಸಂದಿ ಮಾಡಿಕೊಡಬೇಕಾ?

ಮೊದಲನೆಯದಕ್ಕೆ ಮ್ಯಾಕ್ರಾಸ್ ಅನ್ನೋ ಜಪಾನಿ ಕಾರ್ಟೂನ್ ಸರಣಿಯ ವಿಎಫ್-1 ನೋಡಿ, ಕವಾಮೋರಿ ಶೋಜಿ ವಿನ್ಯಾಸ. ಟಕಾಟೊಕು ಅನ್ನೋ ಗೊಂಬೆ ಕಂಪನಿ 1982ರಲ್ಲಿ 1/55 ಗಾತ್ರದಲ್ಲಿ ತಂದಿತು, ಅದೇ ಅಚ್ಚಿನ ಗೊಂಬೆಯೇ ಮುಂದೆ ಟ್ರಾನ್ಸ್‌ಫಾರ್ಮರ್ಸ್‌ನಲ್ಲಿ ಜೆಟ್‌ಫೈರ್ ಆಗಿದ್ದು. ಅಮೆರಿಕದ ಎಫ್-14 ಯುದ್ಧವಿಮಾನದ ಥರದ್ದು. ಎಂಜಿನ್ ಕೊಳವೆಗಳೇ ಕಾಲು, ನಳಿಕೆಯೇ ಪಾದ. ಎರಡು ಕಾಲಿನ ನಡುವೆ ಹೊಟ್ಟೆ ಕೆಳಗೆ ತೋಳು ಅಡಗಿವೆ, ತಲೆ ಅಲ್ಲೇ ಗನ್ ಥರ ನೇತಾಡತ್ತೆ. ಕಾಲು ಇಳಿಸಿ ತೋಳು ಹೊರಗೆ ತೆಗೆದರೆ ಅರ್ಧ ವಿಮಾನ ಅರ್ಧ ರೋಬೋ ಆಗಿರೋ ಗರ್‌ವಾಕ್. ಮೂತಿ ಕೆಳಕ್ಕೆ ಮಡಚಿ, ರೆಕ್ಕೆ ಹಿಂದಕ್ಕೆ ಸರಿಸಿ, ಬಾಲ ಬೆನ್ನ ಮೇಲೆ ಎತ್ತಿದರೆ ರೋಬೋ. ಪೈಲಟ್ ಕೂರುವ ಗಾಜಿನ ಮೇಲೆ ಕವಚ ಇಳಿಯತ್ತೆ. ಬಚ್ಚಿಡೋಕೆ ಅಂತಲೇ ಇರೋ ಪ್ಯಾನೆಲ್ಲು ಬಹಳ ಕಡಿಮೆ. ಪ್ರತಿ ಭಾಗಕ್ಕೂ ಎರಡು ಕಡೆಯೂ ಕೆಲಸ ಇದೆ, ಹಾಗಾಗಿ ಕೈಗೆ ಕ್ರಮ ನೆನಪಿರತ್ತೆ, ಕಾಗದ ಬೇಕಾಗಲ್ಲ.

ಅದೂ ಸುಲಭದಲ್ಲಿ ಬಂದಿದ್ದಲ್ಲ. ಯಾಮಾಟೊ ಕಂಪನಿಯ ಮೊದಲ 1/60 ಗೊಂಬೆಯಲ್ಲಿ ಕಾಲು ಕಿತ್ತು ಮತ್ತೆ ಸಿಕ್ಕಿಸಬೇಕಿತ್ತು. 2008ರ ಎರಡನೇ ಆವೃತ್ತಿಯಲ್ಲಿ ಕಾಲನ್ನು ಹಿಡಿದು ತಿರುಗುವ ಸಲಾಕೆಯೊಂದನ್ನು ಕೊಟ್ಟು ಕೀಳುವ ಕೆಲಸ ತಪ್ಪಿಸಿದರು. ಆದರೆ ಅದರ ಆರಂಭದ ಪ್ರತಿಗಳಲ್ಲಿ ಭುಜದ ಕೀಲು ಸೀಳೋದು ಸಂಗ್ರಾಹಕರಿಗೆಲ್ಲ ಗೊತ್ತಿರೋ ದೋಷ. ಚೊಕ್ಕ ಮಾಡಿದಷ್ಟೂ ಸಣ್ಣ ಭಾಗದ ಮೇಲೆ ಹೊರೆ ಜಾಸ್ತಿ.

ಇನ್ನು ಟ್ರಕ್‌ಗಳು. ರೋಬೋ ಮೈಮೇಲೆ ವಾಹನದ ಗುರುತೇ ಕಾಣಬಾರದು, ಟಿವಿಯಲ್ಲಿ ಇದ್ದ ಹಾಗೇ ಇರಬೇಕು ಅಂತ ಹಟ ಹಿಡಿದಾಗ ಟ್ರಕ್ಕಿನ ಹೊರಮೈಯೆಲ್ಲ 1 ಮಿ.ಮೀ. ದಪ್ಪದ ಚೂರುಗಳಾಗಿ ಬೆನ್ನಿಗೋ ಕಾಲಿನೊಳಕ್ಕೋ ಹೋಗಬೇಕಾಗತ್ತೆ. ಟಕಾರಾದ (ಈಗ ಟಕಾರಾ ಟೋಮಿ) ಮಾಸ್ಟರ್‌ಪೀಸ್ ಸಾಲಿನಲ್ಲಿ ಟ್ರಾನ್ಸ್‌ಫಾರ್ಮರ್ಸ್‌ನ ಟ್ರಕ್ ರೋಬೋ ಆಪ್ಟಿಮಸ್ ಪ್ರೈಮ್ ಮೂರು ಸಲ ಹೊಸದಾಗಿ ಬಂತು: 2003ರ ಎಂಪಿ-01, 2011ರ ಎಂಪಿ-10, 2019ರ ಎಂಪಿ-44. ಕೊನೇದು ನಿಂತಾಗ ಅಂದ. ಕೂತು ಮಡಚುತ್ತಾ ಇರೋಕೆ ನನ್ನ ಓಟು ನಡುವಿನದಕ್ಕೆ.

ಕೀಲುಕುದುರೆ

@ವಾಲ್ಕಿರಿ82 ಅಷ್ಟು ಒಪ್ಪಲ್ಲ ಸಾರ್. ಒಗಟು ಬಿಡಿಸೋ ಮಜಾಕ್ಕೇ ಇಂಥ ಗೊಂಬೆ ತಗೊಳ್ಳೋರಿದ್ದಾರೆ. 2009ರ ಟ್ರಾನ್ಸ್‌ಫಾರ್ಮರ್ಸ್ ಸಿನಿಮಾ ಸಾಲಿನ ಲೀಡರ್ (ದೊಡ್ಡ) ಗಾತ್ರದ ಆಪ್ಟಿಮಸ್ ನೋಡಿ, ಮೊದಲ ಸಲ ಕಾಗದ ಇಲ್ಲದೆ ಟ್ರಕ್ ಮಾಡೋದು ದುಸ್ತರ, ಆದರೂ ಇವತ್ತಿಗೂ ಜನ ಅದನ್ನ ಹುಡುಕಿಕೊಂಡು ಹೋಗ್ತಾರೆ. ಜಟಿಲತೆಯಿಂದ ತೊಂದರೆ ಇಲ್ಲ, ಭಾಗ ಕೂತಿತು ಅಂತ ಗೊತ್ತಾಗದೇ ಇರೋದೇ ತೊಂದರೆ. ಪ್ರತಿ ನಿಲುಗಡೆಯಲ್ಲೂ ಒಂದು ಕ್ಲಿಕ್ ಇದ್ದರೆ ಐವತ್ತು ಹಂತವೂ ಭಾರ ಅನ್ನಿಸಲ್ಲ.

ಪಣಂಬೂರು ಪ್ಲಾಸ್ಟಿಕ್

ಎಲ್ಲರೂ ಬಾನೆಟ್ಟು, ಸೊಂಟ ಅಂತ ಹೇಳಿದ್ರಿ, ಆ ಬಿಳಿ ಗೆರೆ ಬಗ್ಗೆ ಯಾರೂ ಹೇಳ್ಲೇ ಇಲ್ಲ ಮಾರಾಯ್ರೆ. ಮೊದಲು ನೋಡ್ಬೇಕಾದ್ದು ಅದನ್ನೇ.

ಮೊಬೈಲ್ ಟಾರ್ಚ್ ಹಿಂದಿನಿಂದ ಹಿಡಿದು, ಗೊಂಬೆಯನ್ನು ನಿಧಾನ ಓರೆ ಮಾಡಿ. ಗೆರೆ ಒಂದು ಕೋನದಲ್ಲಿ ಬೆಳ್ಳಿಯ ಹಾಗೆ ಹೊಳೆದು ಇನ್ನೊಂದರಲ್ಲಿ ಮಾಯ ಆದ್ರೆ ಅದು ಬಿರುಕು. ಎಲ್ಲ ಕೋನದಲ್ಲೂ ಮಸುಕಾಗಿ ಒಂದೇ ಥರ ಕಂಡ್ರೆ ಬರೀ ಒತ್ತಡದ ಗುರುತು. ಪಾರದರ್ಶಕ ಪ್ಲಾಸ್ಟಿಕ್ ಎಬಿಎಸ್‌ನ ಹಾಗೆ ಬಳುಕುವುದಿಲ್ಲ, ಅದಕ್ಕೆ ಬಿಗಿಯಾದ ಉಕ್ಕಿನ ಪಿನ್ ಹೊಡೆದ್ರೆ ತೂತಿನ ಸುತ್ತ ಯಾವಾಗಲೂ ಎಳೆತ ಇರ್ತದೆ. ಕಿಟಕಿಯ ಜೊತೆಗೆ ಚಾವಣಿಯನ್ನೂ ಪಾರದರ್ಶಕದಲ್ಲೇ ಮಾಡಿ ಮೇಲೆ ಬಣ್ಣ ಬಳಿಯುವುದುಂಟು. ಆ ಬಣ್ಣದ ದಪ್ಪವೂ ಸೇರಿ ಕೀಲು ಇನ್ನಷ್ಟು ಬಿಗಿ ಆಗ್ತದೆ.

ಸದ್ಯಕ್ಕೆ ಆ ಕಿಟಕಿಯನ್ನು ಅಂಚು ಹಿಡಿದು ಎತ್ತಬೇಡಿ, ಪಿನ್ನಿನ ಹತ್ತಿರ ಹಿಡಿದು ತಿರುಗಿಸಿ. ಮೊದಲು ಹೇರ್ ಡ್ರೈಯರ್ ಒಂದು ಅಡಿ ದೂರದಿಂದ ಅರ್ಧ ನಿಮಿಷ ಬಿಡಿ, ಪ್ಲಾಸ್ಟಿಕ್ ಸ್ವಲ್ಪ ಸಡಿಲ ಆಗ್ತದೆ. ಬಿಗಿ ಇದ್ರೆ ಸಿಲಿಕೋನ್ ಎಣ್ಣೆ ಸೂಜಿ ಮೊನೆಯಲ್ಲಿ ಒಂದು ಹನಿ. ಕಬ್ಬಿಣದ ತುಕ್ಕು ಬಿಡಿಸುವ ಸ್ಪ್ರೇ, ಹೊಲಿಗೆ ಮೆಷಿನ್ ಎಣ್ಣೆ ಹಾಕಬೇಡಿ, ಎಳೆತದಲ್ಲಿರುವ ಪ್ಲಾಸ್ಟಿಕ್ ಪೆಟ್ರೋಲಿಯಂ ಎಣ್ಣೆ ಕುಡಿದ್ರೆ ಅಲ್ಲೇ ಸೀಳ್ತದೆ. ನೇಲ್ ಪಾಲಿಶ್ ಸಹ ಬೇಡ, ಅದರ ದ್ರಾವಕ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ.

ಬಿರುಕೇ ಆಗಿದ್ರೆ ಪಿನ್ ತೆಗೆಯಬೇಕು. ಪಿನ್ನಿನ ಒಂದು ತುದಿಯಲ್ಲಿ ಸಣ್ಣ ಗೀರುಗಳು ಇರ್ತವೆ, ಇನ್ನೊಂದು ನಯ. ನಯ ತುದಿಯಿಂದ, ಪಿನ್ನಿಗಿಂತ ತುಸು ಸಪೂರದ ಕಡ್ಡಿ ಇಟ್ಟು, ಗೀರಿನ ಕಡೆಗೆ ಮೆಲ್ಲ ತಟ್ಟಿ ಹೊರಗೆ ಹಾಕಿ. ಉಲ್ಟಾ ಹೊಡೆದ್ರೆ ಗೀರು ತೂತನ್ನೇ ಕೆರೆದುಕೊಂಡು ಹೋಗ್ತದೆ. ವಾಪಸ್ ಹಾಕುವ ಮೊದಲು ಪಾರದರ್ಶಕ ಭಾಗದ ತೂತನ್ನು ಮಾತ್ರ ಕೈ ಡ್ರಿಲ್ಲಿನಲ್ಲಿ ಒಂದೆರಡು ಸುತ್ತು ಹಿಗ್ಗಿಸಿ, ಪಿನ್ ಅದರೊಳಗೆ ಸಲೀಸು ತಿರುಗಬೇಕು. ಹಿಡಿತ ಪಕ್ಕದ ಎಬಿಎಸ್ ಭಾಗಕ್ಕೆ ಇದ್ರೆ ಸಾಕು.

ಕರಾವಳಿಯಲ್ಲಿ ಇರುವವರು ಇನ್ನೊಂದು ಗಮನಿಸಿ. ಮಳೆಗಾಲದಲ್ಲಿ ಉಕ್ಕಿನ ಪಿನ್ನು, ಸ್ಕ್ರೂ ತುಕ್ಕು ಹಿಡಿದು ಉಬ್ಬಿದ್ರೂ ಹೀಗೇ ಗೆರೆ ಬರ್ತದೆ. ಮುಚ್ಚಳ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ಲನ್ನು ಆಗಾಗ ಬದಲಿಸಿ.

ಟ್ರಕ್‌ಪ್ರಿಯ

ಧನ್ಯವಾದ ಎಲ್ಲರಿಗೂ. ಬಲ ತೊಡೆ ನಿಜಕ್ಕೂ ಹೊರಳಿತ್ತು. ಅದನ್ನ ನೇರ ಮಾಡಿ ಎರಡು ಅರ್ಧ ಒಟ್ಟಿಗೆ ಕೂರಿಸಿದೆ, ಸಂದಿ ಹೋಯ್ತು, ಕ್ಯಾಬಿನ್ ಪ್ಯಾನೆಲ್ ಕೂಡ ನಿಂತಿದೆ. ಗೆರೆ ಟಾರ್ಚ್‌ಗೆ ಬೆಳ್ಳಿ ಥರ ಹೊಳೀತಿದೆ, ಅಂದರೆ ಬಿರುಕು. ಈ ಕಿಟಕಿ ಮಾತ್ರ ಬೇರೆ ತರಿಸಬಹುದಾ, ಇಲ್ಲಾ ಇಡೀ ಗೊಂಬೆನೇ ತರಿಸಬೇಕಾ?

ಸ್ಕ್ರೂಡ್ರೈವರ್ ಹುಬ್ಳಿ

ಮೊದಲ ಮಾರಿದವ್ರಿಗೆ ಫೋಟೋ ಕಳಿಸಿ ಬಿಡಿ ಭಾಗ ಕೇಳ್ರಿ. ಥರ್ಡ್ ಪಾರ್ಟಿಯೊಳಗ ಕೆಲವ್ರು ಸ್ಪೇರ್ ಕೊಡ್ತಾರ. ಇಡೀ ಗೊಂಬಿ ಹೊರಗಿನಿಂದ ತರಿಸೋದು ತುಟ್ಟಿ: ಗೊಂಬಿ ಮ್ಯಾಲಿನ ಆಮದು ಸುಂಕ 2020ರಾಗ ಶೇ. 20ರಿಂದ 60ಕ್ಕ ಹೋತು, 2023ರ ಬಜೆಟ್ಟಿನಾಗ 70 ಆತು. ಮ್ಯಾಲೆ 2021ರಿಂದ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತಿನ ನಿಯಮ ಬ್ಯಾರೆ, ಕಸ್ಟಮ್ಸ್‌ನವ್ರು ಪಾರ್ಸೆಲ್ ಹಿಡದ್ರ ಬಿಡಿಸಿಕೊಳ್ಳೂದು ಕಷ್ಟ. ಅಲ್ಲೀತನಕ ಪಿನ್ ತಗದು, ತೂತು ಹಿಗ್ಗಿಸಿ, ಬಿರುಕಿನ ಒಳಮೈಗೆ ಎರಡು ಭಾಗದ ಎಪಾಕ್ಸಿ ಹಲ್ಲುಕಡ್ಡಿಯಿಂದ ಹಚ್ರಿ. 24 ತಾಸು ಮುಟ್ಟಬ್ಯಾಡ್ರಿ. ಕಿಟಕಿ ಮಬ್ಬಾಗಂಗಿಲ್ಲ, ಬಿರುಕು ಮುಂದಕ್ಕ ಓಡೂದೂ ಕಡಿಮಿ ಆಗಬಹುದು.