ನಂದಿಬಟ್ಟಲಿನ ಹುಳಕ್ಕೆ ಔಷಧಿ ಬೇಡ ಚಿಕ್ಕಮ್ಮ

ಚಿಕ್ಕಮ್ಮ, ನೀವು ಹಾಕಿದ ಫೋಟೋ ಈಗ ನೋಡ್ದೆ. ಬೆರಳು ದಪ್ಪದ ಹಸಿರು ಹುಳ, ನಂದಿಬಟ್ಟಲಿನ ಎಲೆಯೆಲ್ಲಾ ಬೋಳು ಮಾಡಿದೆ, ಔಷಧಿ ಹೊಡೀಲಾ ಅಂತ ಕೇಳಿದೀರಿ. ದೊಡ್ಡಪ್ಪ ಬೇರೆ, ಬಾಲದ ಕೊಂಬು ಕುಟುಕುತ್ತೆ ಅಂದಿದಾರೆ. ದಯವಿಟ್ಟು ಹೊಡೀಬೇಡಿ. ಆ ಕೊಂಬು ಮೆತ್ತಗಿರುತ್ತೆ ದೊಡ್ಡಪ್ಪ, ಅದರಲ್ಲಿ ವಿಷ ಇಲ್ಲ, ಕುಟುಕೋದೂ ಇಲ್ಲ. ಮೈಮೇಲೆ ಕಂಬಳಿಹುಳದ ಥರ ರೋಮಾನೂ ಇಲ್ಲ.

ಇದು ಓಲಿಯಾಂಡರ್ ಹಾಕ್ ಮಾತ್ ಅನ್ನೋ ಪತಂಗದ ಮರಿ. ವೈಜ್ಞಾನಿಕ ಹೆಸರು ಡಾಫ್ನಿಸ್ ನೀರಿಯೈ, 1758ರಲ್ಲಿ ಲಿನೇಯಸ್ ವಿವರಿಸಿದ್ದು. ಫೋಟೋ ದೊಡ್ಡದು ಮಾಡಿ ನೋಡಿ, ತಲೆಯ ಹಿಂದೆ ಎರಡು ನೀಲಿ ಬೊಟ್ಟು, ಸುತ್ತ ಕಪ್ಪು ಅಂಚು. ಅದು ಕಣ್ಣಲ್ಲ! ನಿಜವಾದ ತಲೆ ಅದಕ್ಕಿಂತ ಮುಂದೆ, ಪುಟ್ಟದಾಗಿದೆ. ಮೆಲ್ಲಗೆ ತಾಗಿಸಿದ್ರೆ ತಲೆ ಒಳಗೆಳ್ಕೊಂಡು ಬೆನ್ನು ಉಬ್ಬಿಸುತ್ತೆ, ಆಗ ಆ ಬೊಟ್ಟುಗಳು ಯಾವುದೋ ದೊಡ್ಡ ಪ್ರಾಣಿ ಕಣ್ಣು ಬಿಟ್ಟ ಹಾಗೆ ಕಾಣುತ್ತೆ. ನನಗೆ ಎಷ್ಟು ಸಲ ನೋಡಿದ್ರೂ ಸಾಲಲ್ಲ. ಪಕ್ಕದಲ್ಲಿ ಬಿಳಿ ಗೆರೆ, ಅದರ ಅಕ್ಕಪಕ್ಕ ರವೆ ಉದುರಿಸಿದ ಹಾಗೆ ಚುಕ್ಕೆ ಇದ್ರೆ ಅನುಮಾನವೇ ಬೇಡ.

ತಾಯಿ ಪತಂಗ ತಿಳಿ ಹಸಿರು ಮೊಟ್ಟೇನ ಒಂದೊಂದಾಗಿ ಎಲೆಗೆ ಅಂಟಿಸಿ ಹೋಗುತ್ತೆ. ನಂದಿಬಟ್ಟಲು, ಕಣಗಿಲೆ, ನಿತ್ಯಪುಷ್ಪ, ಇವೆಲ್ಲ ಒಂದೇ ಕುಟುಂಬದ ಗಿಡ. ಕಣಗಿಲೆ ಎಲೆ ನಮ್ಮ ಹೃದಯಕ್ಕೆ ವಿಷ, ಇದು ಅದನ್ನೇ ತಿಂದು ಬೆಳೆಯುತ್ತೆ. ಗಿಡದ ಬಗ್ಗೆ ಚಿಂತೆ ಬೇಡ, ಚೆನ್ನಾಗಿ ಬೇರೂರಿದ ನಂದಿಬಟ್ಟಲು ಮತ್ತೆ ಚಿಗುರುತ್ತೆ.

ಒಂದು ದಿನ ಹುಳ ತಿನ್ನೋದು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತೆ. ಕಾಯಿಲೆ ಬಂತು ಅನ್ಕೋಬೇಡಿ. ಗಿಡದಿಂದ ಇಳಿದು, ಬುಡದ ಒಣ ಎಲೆಗಳ ನಡುವೆ ಸಡಿಲವಾಗಿ ನೂಲು ನೇಯ್ದು ಕೋಶ ಆಗೋ ಹೊತ್ತು ಅದು. ಬೆಚ್ಚಗಿದ್ರೆ ಎರಡು ಮೂರು ವಾರದಲ್ಲಿ ಪತಂಗ ಹೊರಗೆ ಬರುತ್ತೆ. ರೆಕ್ಕೆ ಬಿಚ್ಚಿದ್ರೆ ಸುಮಾರು 10 ಸೆಂಟಿಮೀಟರ್, ಹಸಿರಿನ ಮೇಲೆ ಬಿಳಿ, ನಸುಗೆಂಪು ಅಲೆ ಅಲೆ. ಮುಸ್ಸಂಜೆ ಹೊತ್ತಿಗೆ ಹೂವಿನ ಮುಂದೆ ಕೂರದೇ ಗಾಳಿಯಲ್ಲೇ ನಿಂತು, ಉದ್ದನೆ ಹೀರುನಳಿಗೆ ಚಾಚಿ ಮಕರಂದ ಕುಡಿಯುತ್ತೆ. ಆಫ್ರಿಕಾದಿಂದ ಸಮುದ್ರ ದಾಟಿ ಯುರೋಪಿನವರೆಗೆ ಹಾರೋ ಜಾತಿ ಚಿಕ್ಕಮ್ಮ ಇದು!

ಅದಕ್ಕೇ ಇನ್ನೊಂದು ತಿಂಗಳು ಗಿಡದ ಬುಡ ಗುಡಿಸಬೇಡಿ. ಹುಳದ ಬಣ್ಣ ಬದಲಾದ ದಿನ ಇಲ್ಲೇ ಒಂದು ಫೋಟೋ ಹಾಕಿ.